ಕತ್ತಿ ಯಾರ ಕೈಯಲ್ಲಿತ್ತು?

ತಪ್ಪು ಕಲ್ಪನೆ: ಅವ್ವನ ಸೆರಗು ಬಿಡದ ಮಗನಿಗೆ 'ಈಡಿಪಸ್ ಕಾಂಪ್ಲೆಕ್ಸ್' ಇರುತ್ತದೆ.

ಸತ್ಯ: ಫ್ರಾಯ್ಡ್ ಹೇಳಿದ್ದು ಮೂರರಿಂದ ಐದು ವರ್ಷದ ಆಸುಪಾಸಿನ ಕೂಸಿನ ಬಗ್ಗೆ, ಆ ಕೂಸಿಗೇ ತಿಳಿಯದ, ತಾಯಿಯ ಮೇಲಿನ ಆಸೆ, ತಂದೆಯ ಮೇಲಿನ ಅಸೂಯೆಗಳ ಬಗ್ಗೆ. ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ಈಡಿಪಸ್ಸನಂತೂ ಪಾಪ, ತಂದೆಯನ್ನು ಕೊಂದದ್ದೂ ತಾಯಿಯನ್ನು ವರಿಸಿದ್ದೂ ಗೊತ್ತಿಲ್ಲದೆ. ಅದಕ್ಕೂ ಮೊದಲು ಹಸುಗೂಸಿನ ಕಾಲು ಚುಚ್ಚಿಸಿ ಬೆಟ್ಟಕ್ಕೆ ಎಸೆಯಲು ಕಳಿಸಿದ ಅಪ್ಪನನ್ನು ನಾವು ಮರೆಯುತ್ತೇವೆ.

ತಪ್ಪು ಕಲ್ಪನೆ: ಹೆಣ್ಣುಮಕ್ಕಳ 'ಎಲೆಕ್ಟ್ರಾ ಕಾಂಪ್ಲೆಕ್ಸ್' ಕೂಡ ಫ್ರಾಯ್ಡ್‌ನದೇ.

ಸತ್ಯ: ಅಲ್ಲ. ಆ ಹೆಸರು ಮನೋವೈದ್ಯ ಯುಂಗ್ 1913ರಲ್ಲಿ ಬಳಸಿದ್ದು, ಫ್ರಾಯ್ಡ್ ಒಪ್ಪಲಿಲ್ಲ.

ತಪ್ಪು ಕಲ್ಪನೆ: ಈಡಿಪಸ್ಸನಂಥ ಕಥೆ ಗ್ರೀಕರಲ್ಲಿ ಮಾತ್ರ, ನಮ್ಮಲ್ಲಿಲ್ಲ.

ಸತ್ಯ: ಬೆಳಗಾವಿಯಲ್ಲಿ ಮೇಷ್ಟರಾಗಿದ್ದ ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದ ಹಳ್ಳಿಯ ಹೆಣ್ಣುಮಗಳೊಬ್ಬಳ ಬಾಯಿಂದ ಇಂಥದ್ದನ್ನೇ ಬರೆದುಕೊಂಡರು. ಹೆತ್ತ ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತವಳು ಅದನ್ನು ತಪ್ಪಿಸಿಕೊಳ್ಳಲು ಕಾಡು ಸೇರುತ್ತಾಳೆ, ತಪ್ಪುವುದಿಲ್ಲ. ಇಲ್ಲಿ ಕಥೆ ತಾಯಿಯದು. ಅಪ್ಪನ ಕೊಲೆಯ ಸುದ್ದಿಯೇ ಇಲ್ಲ.

ತಪ್ಪು ಕಲ್ಪನೆ: ಯಾವ ಸಾಹಿತ್ಯದಲ್ಲಾದರೂ ಮಗನೇ ಅಪ್ಪನ ಮೇಲೆ ಬೀಳುವವನು.

ಸತ್ಯ: ಗದುಗಿನ ವೀರನಾರಾಯಣನ ಗುಡಿಗೆ ಹೋದವರು ಕುಮಾರವ್ಯಾಸನ ಕಂಬ ನೋಡಿ ಬರುತ್ತಾರೆ, ಅವನ ಭಾರತವನ್ನೂ ಒಮ್ಮೆ ಈ ಕಣ್ಣಿನಿಂದ ಓದಬೇಕು. ಶಂತನುವಿಗೆ ಹೊಸ ಹೆಂಡತಿ ಬೇಕು, ಸಂಸಾರ ಬಿಡುವವನು ಮಗ ಭೀಷ್ಮ. ಯಯಾತಿಯ ಮುಪ್ಪನ್ನು ಹೊರುವವನು ಮಗ ಪೂರು. ಗಿರೀಶ ಕಾರ್ನಾಡರ 1961ರ ನಾಟಕದಲ್ಲಿ ಅದರ ಬೆಲೆ ತೆರುವವಳು ಸೊಸೆ ಚಿತ್ರಲೇಖೆ. ಅಪ್ಪಂದಿರದು ಇದಾದರೆ, ಅವ್ವನ ಪಾಳಿ ಇನ್ನೂ ಕಠಿಣ. ಹುಟ್ಟಿದಾಗಲೇ ಹೊಳೆಗೆ ಬಿಟ್ಟ ಮಗನ ಹತ್ತಿರ ಕುಂತಿ ಯುದ್ಧದ ಹೊತ್ತಿಗೆ ಬರುತ್ತಾಳೆ, ಬೇಡುತ್ತಾಳೆ: ತೊಟ್ಟ ಬಾಣವನ್ನು ಮತ್ತೆ ತೊಡಬೇಡ. ಕರ್ಣ ಒಪ್ಪುತ್ತಾನೆ. ಸರ್ಪಾಸ್ತ್ರ ತಾನಾಗಿ ಮರಳಿ ಬಂದಾಗಲೂ ಅದನ್ನು ಹೂಡುವುದಿಲ್ಲ. ಸಾಯುತ್ತಾನೆ. ಕವಿ ಪಂಪನೂ 941ರಲ್ಲೇ ಈ ಕರ್ಣನಿಗೆ ಮನಸೋತಿದ್ದ.

ನಮ್ಮ ಕಥೆಗಳಲ್ಲಿ ಕತ್ತಿ ಹೆಚ್ಚಾಗಿ ಹಿರಿಯರ ಕೈಯಲ್ಲೇ ಇರುತ್ತದೆ, ಮಕ್ಕಳು ಕತ್ತು ಕೊಡುತ್ತಾರೆ ಎಂಬುದು ರಾಮಾನುಜನ್ನರ ವಾದದ ತಿರುಳು. ನನಗೂ ಅದೇ ಸರಿ ಅನ್ನಿಸುತ್ತದೆ. ಅಪ್ಪನನ್ನು ಕೊಂದ ಮಗನೇ ಬೇಕೆಂದರೆ ಲಕ್ಷ್ಮೀಶ ಕವಿಯ ಬಭ್ರುವಾಹನ ಇದ್ದಾನೆ. ಅಲ್ಲಿಯೂ ಮೊದಲು ಜರಿದವನು ಅಪ್ಪ ಅರ್ಜುನ. ಸತ್ತ ಮೇಲೂ ಎದ್ದು ಕೂರುತ್ತಾನೆ.