ಎರಡು ಶಾಲೆ, ಒಂದು ತಕ್ಕಡಿ

ಹೋಲಿಸಿ ನೋಡುವುದು ಮನುಷ್ಯನ ಸಹಜ ಗುಣ. ಕಾವ್ಯಕ್ಕೆ ಕಾವ್ಯವನ್ನು ಹೋಲಿಸುವುದು ನನ್ನ ವೃತ್ತಿಯೇ ಆಗಿರುವುದರಿಂದ ಹೋಲಿಕೆಯ ಅಪಾಯವೂ ನನಗೆ ಅಷ್ಟಿಷ್ಟು ಪರಿಚಿತ. ಪಂಪನ ಚಂಪುವನ್ನೂ ಕುಮಾರವ್ಯಾಸನ ಷಟ್ಪದಿಯನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಅಂಥ ಅನ್ಯಾಯವೇ ನಮ್ಮ ಸರಕಾರೀ ಪ್ರಾಥಮಿಕ ಶಾಲೆಗಳಿಗೂ ಆಗುತ್ತಿದೆಯೆಂದು ನನ್ನ ಭಾವನೆ.

ಒಂದು ಹೋಬಳಿಯನ್ನು ಕಲ್ಪಿಸಿಕೊಳ್ಳಿ. ಅದರ ಕೇಂದ್ರದಲ್ಲಿ ತರಗತಿಗೊಬ್ಬ ಉಪಾಧ್ಯಾಯರಿರುವ ಹಿರಿಯ ಪ್ರಾಥಮಿಕ ಶಾಲೆ. ಮೂರು ಕಿಲೋಮೀಟರು ಆಚೆಯ ಹಳ್ಳಿಯಲ್ಲಿ ಎರಡು ಕೊಠಡಿ, ಇಬ್ಬರು ಉಪಾಧ್ಯಾಯರು, ಐದು ತರಗತಿಗಳ ಕಿರಿಯ ಪ್ರಾಥಮಿಕ ಶಾಲೆ. ಎರಡಕ್ಕೂ ಪಠ್ಯಪುಸ್ತಕ ಒಂದೇ. ಮಧ್ಯಾಹ್ನದ ಬಿಸಿಯೂಟವೂ ಒಂದೇ. ಕಟ್ಟಡವನ್ನೂ ಉಪಾಧ್ಯಾಯರ ಸಂಖ್ಯೆಯನ್ನೂ ಕಂಡು ತಾಯಿತಂದೆಗಳು ದೊಡ್ಡ ಶಾಲೆಯೇ ಲೇಸೆಂದು ತೀರ್ಮಾನಿಸುತ್ತಾರೆ. ಅವರನ್ನು ತಪ್ಪೆನ್ನುವುದು ಹೇಗೆ?

ಆದರೆ ಈ ತೀರ್ಮಾನದ ಫಲವೇನು? 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಉಪಾಧ್ಯಾಯರು. ಇಲ್ಲಿ ಎಣಿಕೆಯಾಗುವುದು ಮಕ್ಕಳ ತಲೆಯೇ ಹೊರತು ತರಗತಿಗಳಲ್ಲ. ತರಗತಿಗೆ 12ರಂತೆ 60 ಮಕ್ಕಳಿದ್ದರೆ ಕಾಗದದ ಮೇಲೆ ಉಪಾಧ್ಯಾಯರೊಬ್ಬರಿಗೆ 30 ಮಕ್ಕಳು, ಲೆಕ್ಕ ಸರಿ. ಕೊಠಡಿಯೊಳಗೆ ಮಾತ್ರ ಇಬ್ಬರು ಐದು ತರಗತಿಗಳನ್ನು ನಿಭಾಯಿಸಬೇಕು. ಒಬ್ಬರು ತರಬೇತಿಗೆ ಹೋದ ದಿನ ಇಡೀ ಶಾಲೆ ಉಳಿದವರ ಹೆಗಲಿಗೆ. 61 ಮಕ್ಕಳ ಶಾಲೆಯಿಂದ ಒಂದೇ ಮಗು ಹೊರಟುಹೋದರೂ ಮೂರನೆಯ ಉಪಾಧ್ಯಾಯರ ಹುದ್ದೆಗೆ ಆಧಾರ ತಪ್ಪುತ್ತದೆ. ಉಪಾಧ್ಯಾಯರು ಕಡಿಮೆಯಾದರೆಂದು ಮತ್ತಷ್ಟು ಮಕ್ಕಳು ಹೊರಡುತ್ತಾರೆ. ಹೀಗೆ ನಮ್ಮ ಹೋಲಿಕೆಯೇ ಚಿಕ್ಕ ಶಾಲೆಯನ್ನು ಇನ್ನಷ್ಟು ಚಿಕ್ಕದಾಗಿಸುತ್ತದೆ. ಕೊನೆಗೆ ಅಲ್ಲಿ ಉಳಿಯುವವರಾರು? ದಿನವೂ ದೂರ ಕಳುಹಿಸಲು ಮನೆಯವರು ಅಂಜುವ ಹೆಣ್ಣುಮಗು, ಬೆಳಗಾಗುತ್ತಲೇ ಕೂಲಿಗೆ ಹೋಗುವವರ ಮಗು.

ಚಿಕ್ಕ ಶಾಲೆಯೆಂದರೆ ಕೊರತೆಯೊಂದೇ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ಮುಂದೆ ನಾಡಿನಾದ್ಯಂತ ಹಬ್ಬಿದ 'ನಲಿ-ಕಲಿ' ಪದ್ಧತಿ, ಹಲವು ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿರುವುದನ್ನೇ ಅನುಕೂಲವಾಗಿ ಮಾರ್ಪಡಿಸಿತು. ಮಗು ತನ್ನ ವೇಗದಲ್ಲಿ ಕಲಿಕೆಯ ಮೆಟ್ಟಿಲೇರುತ್ತದೆ. ತಿಳಿದ ಮಗು ತಿಳಿಯದ ಮಗುವಿಗೆ ಹೇಳಿಕೊಡುತ್ತದೆ. ನನ್ನ ಪದವಿ ತರಗತಿಯಲ್ಲಿ ಎರಡೂ ಬಗೆಯ ಶಾಲೆಗಳಿಂದ ಬಂದವರಿದ್ದಾರೆ. ಉತ್ತರಪತ್ರಿಕೆಯನ್ನೋದಿ ಯಾರು ಎಲ್ಲಿಯವರೆಂದು ಗುರುತಿಸಲು ನನ್ನಿಂದಾಗದು.

ಹಾಗಾದರೆ ಹೋಲಿಕೆಯೇ ಕೂಡದೇ? ಕೂಡದೆನ್ನಲಾರೆ, ತಕ್ಕಡಿ ಸರಿಯಾಗಿರಲಿ. ಮನೆಯಲ್ಲಿ ಒಂದು ಪುಸ್ತಕವನ್ನೂ ಕಾಣದ ಮಗು ಮೂರನೆಯ ತರಗತಿಯ ಕೊನೆಗೆ ಒಂದು ಪುಟವನ್ನು ತಡೆಯಿಲ್ಲದೆ ಓದಿ ಅರ್ಥ ಹೇಳಬಲ್ಲುದೇ? ಬಂದಾಗ ಎಲ್ಲಿತ್ತು, ಹೋಗುವಾಗ ಎಲ್ಲಿದೆ? ಶಾಲೆಗೆ ಶಾಲೆಯನ್ನು ತೂಗುವುದಕ್ಕೆ ಮೊದಲು ಮಗುವಿನ ನಿನ್ನೆಗೆ ಅದರ ಇಂದನ್ನು ತೂಗಬೇಕು. ಸರಕಾರವೂ ಮಕ್ಕಳ ತಲೆಯೊಡನೆ ತರಗತಿಗಳನ್ನೂ ಎಣಿಸಲಿ. ಕೆಲವು ಶಾಲೆಗಳ ಗುಂಪಿಗೊಬ್ಬ ಬದಲಿ ಉಪಾಧ್ಯಾಯರನ್ನಾದರೂ ಒದಗಿಸಲಿ. ಊರಿನ ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತ ತಾಯಿತಂದೆಗಳು ಇದನ್ನು ಒತ್ತಾಯದಿಂದ ಕೇಳಲಿ. ಮಗುವನ್ನು ಬೇರೆಡೆಗೆ ಕಳುಹಿಸುವ ಹಕ್ಕು ಅವರಿಗಿದೆ. ಊರ ಶಾಲೆಯನ್ನು ಉಳಿಸಿಕೊಳ್ಳುವ ಹಕ್ಕೂ ಅವರದೇ.