ಎರಡನೇ ಪೊರೆ ಹರಿದ ಮಿಂಚು

1968ರಲ್ಲಿ ಬೀಳಗಿಯ ಡಾ. ಎಂ.ಸಿ. ಮೋದಿ ತಿರುಪತಿಯಲ್ಲಿ ಒಂದೇ ದಿನ 833 ಕಣ್ಣುಗಳ ಪೊರೆ ತೆಗೆದರು. ಆ ಕಾಲದ ಶಿಬಿರಗಳಲ್ಲಿ ಮಬ್ಬಾದ ಮಸೂರವನ್ನು ಅದನ್ನು ಸುತ್ತಿದ ಚೀಲದ ಸಮೇತ ಹೊರಗೆಳೆಯುವುದೇ ರೂಢಿ. ರೋಗಿ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಊರಿಗೆ ಮರಳುತ್ತಿದ್ದ. ಅದು ಒಡೆದರೆ ಮತ್ತೆ ಕತ್ತಲೆ. ಆದರೆ ಪೊರೆ ಮಾತ್ರ ಮರಳಿ ಬರುತ್ತಿರಲಿಲ್ಲ. ಬೆಳೆಯಲು ಅಲ್ಲಿ ಚೀಲವೇ ಉಳಿದಿರಲಿಲ್ಲ.

ಆ ಕನ್ನಡಕವನ್ನು ತಪ್ಪಿಸುವ ದಾರಿ ಯುದ್ಧದ ಗಾಯಗಳಲ್ಲಿ ಸಿಕ್ಕಿತ್ತು. ಗುಂಡೇಟಿಗೆ ಸಿಡಿದ ವಿಮಾನದ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಸಿಕ್ಕಿಕೊಂಡರೂ ಕಣ್ಣು ಕೆಡದೆ ಉಳಿದದ್ದನ್ನು ಲಂಡನ್ನಿನ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರ್ 29ರಂದು ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರವನ್ನು ರೋಗಿಯ ಕಣ್ಣಿಗೆ ಹಾಕಿದರು. ಹಿರಿಯ ವೈದ್ಯರು ಮುನಿದರು, ರಿಡ್ಲಿ ಜಗ್ಗಲಿಲ್ಲ.

ಹೊಸ ಮಸೂರಕ್ಕೆ ಆಸರೆ ಬೇಕಿತ್ತು. ಚೀಲದ ಹಿಂಬದಿಯ ತೆಳುಪದರವನ್ನು ಉಳಿಸಬೇಕಾಯಿತು. ತೊಡಕು ಹುಟ್ಟಿದ್ದೇ ಅಲ್ಲಿ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಅದೇ ಪದರ ಮಬ್ಬಾಗತೊಡಗಿತು. ಪ್ಯಾರಿಸ್ಸಾದರೇನು, ವಡಗೇರಾ ಸೀಮೆಯ ಹಳ್ಳಿಯಾದರೇನು, ‘ಆಪರೇಷನ್ ಆದ ಕಣ್ಣು ಮತ್ತ ಮಂಜಾಗ್ಯಾದ’ ಎಂಬ ದೂರು ಒಂದೇ.

ಪದರವನ್ನು ಸೂಜಿಯಿಂದ ಹರಿಯಬಹುದಿತ್ತು. ಆದರೆ ಅದಕ್ಕಾಗಿ ವಾಸಿಯಾದ ಕಣ್ಣನ್ನು ಮತ್ತೆ ಚುಚ್ಚಬೇಕು; ನಂಜೇರುವ ಭಯ ಬೇರೆ. ಲೇಸರ್? ಆಗಿನ ಕಣ್ಣಿನ ಲೇಸರ್‌ಗಳು ಸುಡುತ್ತಿದ್ದವು, ಸುಡಲು ಬಣ್ಣ ಬೇಕಿತ್ತು. ಈ ಪದರಕ್ಕೆ ಬಣ್ಣವೇ ಇಲ್ಲ!

ಸುಡುವುದನ್ನು ಬಿಟ್ಟು ಸಿಡಿಸಿದರೆ ಹೇಗೆ? 1970ರ ದಶಕದಲ್ಲಿ ಮಾಸ್ಕೋದ ಕಣ್ಣಿನ ವೈದ್ಯ ಕ್ರಾಸ್ನೊವ್ ಮಾಣಿಕ್ಯದ ಲೇಸರ್‌ನಿಂದ ಆ ದಾರಿ ಹಿಡಿದರು. ಪ್ಯಾರಿಸ್ಸಿನಲ್ಲಿ ಡ್ಯಾನಿಯೆಲ್ ಅರೋಂ-ರೋಸಾ ಎಂಬ ಕಣ್ಣಿನ ವೈದ್ಯೆ ಭೌತವಿಜ್ಞಾನಿ ಗ್ರೀಸ್‌ಮನ್ ಜೊತೆ, ಬರ್ನ್‌ನಲ್ಲಿ ಫ್ರಾಂಜ್ ಫಾಂಕ್‌ಹೌಸರ್, ನಿಯೋಡಿಮಿಯಂ-ಯಾಗ್ ಲೇಸರ್ ಹಿಡಿದು ತಂತಮ್ಮ ದಾರಿಯಲ್ಲಿ ಹೆಣಗಿದರು. ಪದರದ ಮುಂದೆ ಅಂಟಿದಂತೆ ಪ್ಲಾಸ್ಟಿಕ್ ಮಸೂರ, ಹಿಂದೆ ಅಕ್ಷಿಪಟಲ. ಗುರಿ ಕೂದಲೆಳೆಯಷ್ಟು ತಪ್ಪಿದರೂ ಮಸೂರಕ್ಕೆ ಗುಳಿ ಬೀಳುತ್ತಿತ್ತು. ಸಾಲದ್ದಕ್ಕೆ ಆ ಕಿರಣ ಕಣ್ಣಿಗೆ ಕಾಣದ್ದು. ಗುರಿಹಿಡಿಯಲು ಇನ್ನೊಂದು ಕೆಂಪು ಕಿರಣವನ್ನು ಜೊತೆಗೂಡಿಸಬೇಕಾಯಿತು. 1980ರಲ್ಲಿ ಅರೋಂ-ರೋಸಾ ತಂಡದ ಮೊದಲ ವರದಿ ಹೊರಬಿತ್ತು. ಚೂರಿ ಸೋಕದೆಯೇ ಪದರ ತೆರೆದಿತ್ತು.

ಮಸೂರ ತೆಗೆದಾಗ ಉಳಿದ ಜೀವಕೋಶಗಳು ಪದರದ ಮೇಲೆ ಹರಡಿ ಮಬ್ಬು ಕಟ್ಟುತ್ತಿದ್ದವು. ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತ ಕಿರಿದಾದ ಲೇಸರ್ ಮಿಡಿತ ಒಂದು ಬಿಂದುವಿನಲ್ಲಿ ಕೂಡಿದಾಗ ಅಲ್ಲಿನ ಪರಮಾಣುಗಳಿಂದ ಇಲೆಕ್ಟ್ರಾನ್‌ಗಳು ಕಿತ್ತುಬಂದು ಕಿಡಿ ಹಾರುತ್ತದೆ. ಅದರ ಆಘಾತದ ಅಲೆಗೆ ಪದರ ಹರಿಯುತ್ತದೆ. ಬಿಂದು ದಾಟಿದ ಬೆಳಕು ಚದುರುವುದರಿಂದ ಅಕ್ಷಿಪಟಲ ಉಳಿಯುತ್ತದೆ. ಕೆಲವು ನಿಮಿಷದ ಕೆಲಸ, ಹೊಲಿಗೆಯಿಲ್ಲ, ಅಂದೇ ಮನೆಗೆ.

ಆದರೆ ಯಂತ್ರ ದುಬಾರಿ, ಹಳ್ಳಿಯ ಶಿಬಿರಕ್ಕೆ ಹೊತ್ತು ತರುವಂಥದ್ದಲ್ಲ. ಕಣ್ಣು ಮತ್ತೆ ಹೋಯಿತೆಂದು ಕೈಚೆಲ್ಲಿ ಮನೆಯಲ್ಲೇ ಕೂರುವವರಿಗೆ, ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೆ ಮದ್ದಿದೆಯೆಂದು ಪಟ್ಟಿ ಬಿಚ್ಚುವ ದಿನವೇ ತಿಳಿಸಬೇಕು. ಮುಂದೆ ಇನ್ನೊಂದು ಉಪಾಯವೂ ಹೊಳೆಯಿತು: ಮಸೂರದ ಹಿಂಬದಿಯ ಅಂಚನ್ನು ದುಂಡಗಿಡದೆ ಚೂಪಾಗಿ ಕಡೆದರೆ, ತೆವಳಿ ಬರುವ ಜೀವಕೋಶಗಳಿಗೆ ಅದೇ ಹೊಲದ ಬದುವಿನಂತೆ ಅಡ್ಡವಾಗುತ್ತದೆ. ಲೇಸರ್ ದೂರವಿರುವ ಊರುಗಳಿಗೆ ಬೇಕಾದದ್ದು ಅಂಥ ಮಸೂರವೇ.