ನುಣುಪು ಹೆಚ್ಚಾದರೆ ಅಂಟು!

ಎರಡು ಗಾಜಿನ ಬಿಲ್ಲೆಗಳ ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿ. ಈಗ ಅವನ್ನು ಬೇರ್ಪಡಿಸಲು ನೋಡಿ. ಗಾಜು ನುಣುಪು, ನೀರೋ ಜಾರುವಂಥದು. ಆದರೂ ಬಿಲ್ಲೆಗಳು ಒಂದನ್ನೊಂದು ಬಿಡುವುದಿಲ್ಲ. ಒರಟಾದದ್ದು ತಡೆಯುತ್ತದೆ, ನುಣುಪಾದದ್ದು ಜಾರುತ್ತದೆ ಎಂದು ನಾವು ಕಲಿತ ಪಾಠ ಇಲ್ಲಿ ತಲೆಕೆಳಗಾಗುತ್ತದೆ. ಇಂಥ ‘ಸಣ್ಣ’ ಸಂಗತಿಗಳ ಬೆನ್ನು ಹತ್ತಿ ದೊಡ್ಡ ವಿಜ್ಞಾನಿಯಾದವರು ಭರತ್ ಭೂಷಣ್.

ಪಿಲಾನಿಯ ಬಿರ್ಲಾ ಸಂಸ್ಥೆಯಲ್ಲಿ 1970ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಅವರು ಅಮೆರಿಕಕ್ಕೆ ಹೋದರು. ಎಂಐಟಿಯಲ್ಲಿ ಓದಿ, 1976ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಅವರು ಹಿಡಿದ ಶಾಸ್ತ್ರ ಟ್ರೈಬಾಲಜಿ. ಅಂದರೆ ಘರ್ಷಣೆ, ಸವೆತ ಹಾಗೂ ಕೀಲೆಣ್ಣೆಗಳ ಅಧ್ಯಯನ. ಈ ಹೆಸರು ಬಳಕೆಗೆ ಬಂದದ್ದೇ 1966ರಲ್ಲಿ. ಮಕ್ಕಳು ಕನಸು ಕಾಣುವಂಥ ವಿಷಯವಲ್ಲ, ನೆಂಟರಿಷ್ಟರ ಎದುರು ಹೇಳಿಕೊಳ್ಳಲು ಸುಲಭವೂ ಅಲ್ಲ.

ಆದರೆ ಆ ಹೊತ್ತಿಗೆ ಗಣಕಯಂತ್ರಗಳಿಗೆ ಇದೇ ಶಾಸ್ತ್ರದ ತುರ್ತು ಬಿದ್ದಿತ್ತು. 1980ರ ದಶಕದಲ್ಲಿ ಭೂಷಣ್ ಐಬಿಎಂ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಕೋಬಾಲ್ಟ್ ಮಿಶ್ರಲೋಹದ ಕಾಂತೀಯ ತೆಳುಪದರವಿರುತ್ತದೆ. ನಮ್ಮ ಲೆಕ್ಕಪತ್ರ, ಚಿತ್ರ, ಬರಹಗಳೆಲ್ಲ ಅದರಲ್ಲಿ ಅಚ್ಚಾಗುತ್ತವೆ. ಅದರ ಮೇಲೆ ರಕ್ಷಣೆಗೆ ಇಂಗಾಲದ ಹೊದಿಕೆ, ಅದಕ್ಕೂ ಮೇಲೆ ಸುಮಾರು ಒಂದು ನ್ಯಾನೋಮೀಟರ್ ದಪ್ಪದ ಎಣ್ಣೆಯಂಥ ಲೇಪ. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲೇ ನ್ಯಾನೋಮೀಟರ್. ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುವಾಗ, ಓದುವ ‘ತಲೆ’ ಅದಕ್ಕೆ ತಾಗದೆ ಗಾಳಿಯ ಮೇಲೆ ತೇಲಬೇಕು. ಇಂದಿನ ಡಿಸ್ಕುಗಳಲ್ಲಿ ಆ ಅಂತರ ಕೆಲವೇ ನ್ಯಾನೋಮೀಟರ್. ಜೋರಾಗಿ ತಾಗಿದರೆ ಪದರ ಕೆರೆದುಹೋಗುತ್ತದೆ, ಬರೆದಿಟ್ಟದ್ದೂ ಹೋಗುತ್ತದೆ.

ತಲೆ ಹೆಚ್ಚು ಹತ್ತಿರ ಬಂದಷ್ಟೂ ಹೆಚ್ಚು ಮಾಹಿತಿ ತುಂಬಬಹುದು. ಅದಕ್ಕಾಗಿ ತಟ್ಟೆಯನ್ನು ನುಣುಪುಗೊಳಿಸುತ್ತಾ ಹೋದರು. ಆಗ ಎದುರಾಯಿತು ಗಾಜಿನ ಬಿಲ್ಲೆಗಳ ಕಥೆ. ಯಂತ್ರ ನಿಂತಾಗ ತಲೆ ತಟ್ಟೆಯ ಮೇಲೆ ಕೂರುತ್ತಿತ್ತು. ಲೇಪವೂ ಗಾಳಿಯ ತೇವವೂ ಸೇರಿ ಎರಡನ್ನೂ ಅಂಟಿಸಿಬಿಡುತ್ತಿದ್ದವು. ಮತ್ತೆ ಚಾಲೂ ಮಾಡಿದರೆ ತಟ್ಟೆ ಕದಲದು! ಕಡೆಗೆ ತಲೆ ಕೂರುವ ಜಾಗವನ್ನು ಬೇಕೆಂದೇ ಒರಟು ಮಾಡಿದರು. 1990ರ ದಶಕದಲ್ಲಿ ಲೇಸರ್ ಕಿರಣದಿಂದ ಅಲ್ಲಿ ಪುಟ್ಟ ಪುಟ್ಟ ಉಬ್ಬುಗಳನ್ನು ಮೂಡಿಸಿದರು. ಅನಂತರ ತಲೆಯನ್ನು ತಟ್ಟೆಯ ಆಚೆಗೇ ನಿಲ್ಲಿಸುವ ಏರ್ಪಾಡು ಬಂತು.

ಕಾಂತೀಯ ಸಂಗ್ರಹ ಸಾಧನಗಳ ಘರ್ಷಣೆಯನ್ನು ಕುರಿತ ಭೂಷಣ್ ಅವರ ಬೃಹತ್ ಗ್ರಂಥ 1990ರಲ್ಲಿ ಪ್ರಕಟವಾಯಿತು. 1991ರಲ್ಲಿ ಅವರು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. 1986ರಲ್ಲಷ್ಟೇ ಹುಟ್ಟಿದ್ದ ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆಯಿಂದ ಡಿಸ್ಕುಗಳ ಮೈಯನ್ನು ಸವರಿ ನೋಡಿದರು. ಅಷ್ಟು ಕಿರಿದಾದ ಅಳತೆಯಲ್ಲಿ ಘರ್ಷಣಾಂಕ ದೊಡ್ಡ ವಸ್ತುಗಳಲ್ಲಿ ಕಾಣುವುದಕ್ಕಿಂತ ಕಡಿಮೆ ಎಂದು ತಿಳಿಯಿತು. ಪದಾರ್ಥ ಒಂದೇ, ಅಳತೆ ಬದಲಾದರೆ ಅದರ ನಡತೆಯೇ ಬೇರೆ.

ಮುಂದೆ ಅವರ ಕಣ್ಣು ತಾವರೆ ಎಲೆಯ ಮೇಲೆ ಬಿತ್ತು. ಅದರ ಮೇಲೆ ನೀರು ನಿಲ್ಲದೆಂಬುದು ನಮಗೆಲ್ಲ ಗೊತ್ತು. ಕಾರಣವನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ತ್‌ಲಾಟ್ ಸಂಗಡಿಗರೊಬ್ಬರೊಂದಿಗೆ 1997ರಲ್ಲಿ ವಿವರಿಸಿದ್ದರು. ಎಲೆಯ ಮೈ ನುಣುಪಲ್ಲ. ಅದರ ತುಂಬ ಕಣ್ಣಿಗೆ ಕಾಣದ ಉಬ್ಬುಗಳು, ಅವುಗಳ ಮೇಲೆ ಮೇಣದ ಇನ್ನೂ ಸಣ್ಣ ಹರಳುಗಳು. ನೀರಹನಿಗೆ ತಾಗಲು ಸಿಗುವುದು ಅವುಗಳ ತುದಿಗಳಷ್ಟೇ. ಹನಿ ಉರುಳುತ್ತದೆ, ಧೂಳನ್ನೂ ಕೊಂಡೊಯ್ಯುತ್ತದೆ. ಭೂಷಣ್ ಅವರ ಪ್ರಯೋಗಾಲಯ ಇಂಥ ಮೈಗಳನ್ನು ಅಳೆದು, ಅವನ್ನೇ ಹೋಲುವ ಕೃತಕ ಮೈಗಳನ್ನೂ ತಯಾರಿಸಿತು. ಡಿಸ್ಕಿನ ತಟ್ಟೆಗೂ ತಾವರೆ ಎಲೆಗೂ ಏನು ನಂಟು ಎನ್ನುತ್ತೀರಾ? ಎರಡರಲ್ಲೂ ಇರುವುದು ಒಂದೇ ಪ್ರಶ್ನೆ: ಎಷ್ಟು ಒರಟಿದ್ದರೆ ಚೆನ್ನ?

ಮಗಳೋ ಮಗನೋ ಯಾರೂ ಕೇಳಿರದ ವಿಷಯವೊಂದನ್ನು ಓದುತ್ತೇನೆಂದರೆ ಹೆತ್ತವರು ಗಾಬರಿಯಾಗುವುದು ಸಹಜ. ಬೇಡವೆನ್ನುವ ಮೊದಲು, ಅದರಲ್ಲಿ ನಿನ್ನನ್ನು ಕಾಡುವ ಪ್ರಶ್ನೆ ಯಾವುದು ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಬಂದರೆ ಕುಳಿತು ಪೂರ್ತಿ ಕೇಳಿ.